ನಾಲ್ಕಕ್ಕೂ ಐದಕ್ಕೂ ನಡುವೆ

ಕುತಾಯಿಸಿಯ ಆ ಗ್ರಂಥಾಲಯದ ಮೆಟ್ಟಿಲು ಹತ್ತುವಾಗಲೇ
ಲಮಾರಾ ಮೇಲಿನಿಂದ ಕೂಗಿದಳು: "ಏಳನೆಯದು ಅಲ್ಲಾಡುತ್ತೆ,
ಗೋಡೆ ಹಿಡಿದು ಎಂಟಕ್ಕೆ ಕಾಲಿಡು."
ಗೋಡೆ ಹಿಡಿದು ಎಂಟಕ್ಕೆ ಕಾಲಿಟ್ಟೆ.
ಅದರಲ್ಲೇನೂ ವಿಶೇಷ ಕಾಣಲಿಲ್ಲ ಆಗ.

ಚೀಲದಲ್ಲಿ ನಾನೇ ಬರೆದ ಕೈಪಿಡಿ,
ಪುಸ್ತಕ ಎರವಲು ಕೊಡುವ ಹೊಸ ತಂತ್ರಾಂಶಕ್ಕೆ.
ಹನ್ನೆರಡು ಹಂತ, ನಲವತ್ತು ಪುಟ.
ಟಿಬಿಲಿಸಿಯ ಕಚೇರಿಯಲ್ಲಿ ಓದಿದವರೆಲ್ಲ ತಲೆದೂಗಿದ್ದರು.
ಅವರೆಲ್ಲ ಮೊದಲೇ ಬಲ್ಲವರು.

ಕರಾರು ಇಷ್ಟೇ: ಅವಳು ಓದಿ ಮಾಡಬೇಕು,
ನಾನು ಹಿಂದೆ ಕೂತು ತುಟಿ ಬಿಚ್ಚಬಾರದು.

ಮೂವತ್ತನಾಲ್ಕು ವರ್ಷ ಕಾರ್ಡುಗಳ ಖಾನೆ ಎಳೆದ ಬೆರಳು
ಮೌಸಿನ ಮೇಲೆ,
ಒಲೆಯಿಂದ ಈಗಷ್ಟೇ ತೆಗೆದ ರೊಟ್ಟಿಯ ಮೇಲೆ ಇಟ್ಟ ಹಾಗೆ.
"ಹಂತ ಒಂದು: ಸುಮ್ಮನೆ ಟರ್ಮಿನಲ್ ತೆರೆಯಿರಿ."
ಅವಳು ಕಿಟಕಿಯಾಚೆ ನೋಡಿದಳು. ಬೀದಿಯ ಮೂಲೆಯಲ್ಲಿ
ಫೋನು, ನೀರಿನ ಬಿಲ್ಲು ಕಟ್ಟುವ ಕಿತ್ತಳೆ ಬಣ್ಣದ ಡಬ್ಬಿ;
ಅವಳ ಓಣಿಗೆಲ್ಲ ಗೊತ್ತಿರುವ ಟರ್ಮಿನಲ್ ಅದೇ.
"ಅದನ್ನು ನಾನು ತೆರೆಯೋದೆ? ಪೊಲೀಸರು ಬರೋಲ್ಲವೆ?"

ನಗು ಬರಲಿಲ್ಲ. ತೊಡೆ ಚಿವುಟಿಕೊಂಡೆ.

ಹೇಗೋ ದಾಟಿದಳು. ಸುಮ್ಮನೆ ಒತ್ತಿ.
ಸುಮ್ಮನೆ ನಕಲಿಸಿ. ಸುಮ್ಮನೆ ಅಂಟಿಸಿ.
ಪುಟ ತಿರುವಿ ಎಣಿಸಿದೆ: ಹದಿನೇಳು ಸುಮ್ಮನೆ.
ಒಂದೊಂದಕ್ಕೂ ಅವಳ ಬೆನ್ನು ಒಂದು ನೂಲಿನಷ್ಟು ಬಾಗುತ್ತ,
ನಾಲ್ಕು ಮುಗಿದು ಐದಕ್ಕೆ ಬಂದಾಗ
ಅವಳೇ ಸುಮ್ಮನಾದಳು.

ಪರದೆಯೆಲ್ಲ ಕಪ್ಪು. ಮಿಣುಕುವ ಒಂದು ಗೆರೆ.
ಕೆಳಗೆ ರಿಯೋನಿ ನದಿ ಬಿಳಿಗಲ್ಲುಗಳ ನಡುವೆ ಗೊಣಗುತ್ತಿತ್ತು.
"ಕೆಡಿಸಿಬಿಟ್ಟೆ ಅಲ್ಲವಾ, ಓತಿಯಾ,"
ಬೇರೆಯವರ ಮನೆಯ ಪಿಂಗಾಣಿ ಒಡೆದವಳ ದನಿ.

ಕೆಟ್ಟಿರಲಿಲ್ಲ. ನಾಲ್ಕಕ್ಕೂ ಐದಕ್ಕೂ ನಡುವೆ
ಎಂಟರ್ ಒತ್ತಬೇಕು, ಅರ್ಧ ನಿಮಿಷ ಕಾಯಬೇಕು.
ನಾನದನ್ನು ಬರೆದೇ ಇರಲಿಲ್ಲ.
ಮರೆತದ್ದಲ್ಲ. ಅಲ್ಲೊಂದು ಹಂತವಿದೆಯೆಂದು
ನನ್ನ ಬೆರಳು ನನಗೆ ಹೇಳಿರಲೇ ಇಲ್ಲ.
ಇವಳೋ, ಮೂವತ್ತನಾಲ್ಕು ವರ್ಷ ಹತ್ತಿಯೂ
ಹೊಸಬನ ಕಾಲಿಗಾಗಿ ಏಳನ್ನು ನೆನಪಿಟ್ಟವಳು.

ಕರಾರು ಮುರಿದೆ. ಪೆನ್ನನ್ನು ಅವಳ ಕೈಗೆ ಕೊಟ್ಟೆ.
ರದ್ದಾದ ಕಾರ್ಡೊಂದನ್ನು ಹೆಕ್ಕಿ
(ಜೇನು ಸಾಕಣೆ, ಎರಡನೆಯ ಭಾಗ, ಕಳೆದಿದೆ)
ಅದರ ಬೆನ್ನಿಗೆ, ಗುಂಡಗಿನ ಅಕ್ಷರದಲ್ಲಿ ಬರೆದಳು:

"ಈಗ ಪರದೆ ಕಪ್ಪಾಗುತ್ತದೆ. ನೀವು ಏನನ್ನೂ ಕೆಡಿಸಿಲ್ಲ.
ಎಂಟರ್ ಎಂದು ಬರೆದ ದೊಡ್ಡ ಗುಂಡಿ ಒತ್ತಿ.
ಒಂದು ಲೋಟ ಚಹಾ ಸೋಸುವಷ್ಟು ಹೊತ್ತು ಕಾಯಿರಿ.
ಬರುತ್ತದೆ."

ಬಂತು.

ಕತ್ತಲಾದ ಮೇಲೆ ಹೊರಟೆ. ಕಾರ್ಡು ಜೇಬಿನಲ್ಲಿ,
ಗೋಡೆ ಹಿಡಿದು, ಎಣಿಸುತ್ತ, ಎಚ್ಚರದಿಂದ ಏಳನ್ನು ದಾಟಿ
ನಿಶ್ಚಿಂತೆಯಿಂದ ಇಳಿಯುತ್ತಿದ್ದವನು
ಹನ್ನೊಂದರಲ್ಲಿ ಜಾರಿ ಕುಕ್ಕರಿಸಿದೆ.

ಮೇಲಿನಿಂದ ಅವಳ ದನಿ:
"ಅಯ್ಯೋ, ಇಳಿಯೋವಾಗ ಬೇರೆ ಲೆಕ್ಕ!
ಅದನ್ನೂ ಹೇಳಬೇಕಿತ್ತು."