ನೀರು ಬರುವ ದಿನ ಬಿಟ್ಟು

ಮೊದಲು ದ್ವೀಪಗಳನ್ನು ಬರೆದೆವು,
ಬ್ಲೌಸಿನ ಲೈನಿಂಗ್ ಬಟ್ಟೆಯ ಮೇಲೆ, ಮಾರ್ಕಿಂಗ್ ಚಾಕಿನಲ್ಲಿ.
ಪೋರ್ಟ್ ಬ್ಲೇರ್ ಒಂದು ಕೋಟಿನ ಗುಂಡಿಯಷ್ಟು,
ಹ್ಯಾವ್ಲಾಕ್ ಅದಕ್ಕಿಂತ ಚಿಕ್ಕದು,
ನೀಲ್ ಬರೀ ಹುಕ್ಕಿನಷ್ಟು.
ನಡುವೆ ಉಳಿದ ಬಟ್ಟೆಯೆಲ್ಲ ಸಮುದ್ರ,
ಮೀಟರಿಗೆ ಮೂವತ್ತೈದು ರೂಪಾಯಿಯ ಸಮುದ್ರ,
ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳುತ್ತಿತ್ತು.

ಈ ಸಲ ಚೀಟಿ ಎತ್ತಿದ್ದು ನಾನು.
ಶಂಷಾದಳದ್ದು ಹೋದ ವರ್ಷವೇ ಬಂದು ಬ್ಯಾಂಕಿನಲ್ಲಿದೆ.
ದುಡ್ಡಿನ ಮಾತು ಬಂದಾಗ ತಿಪ್ಪೀರಮ್ಮ
ಸೂಜಿಗೆ ದಾರ ಪೋಣಿಸುತ್ತ ಕೂತುಬಿಡುತ್ತಾಳೆ.
ಅವಳ ಪಾಲನ್ನು ನಾವಿಬ್ಬರೂ ಹಂಚಿಕೊಂಡೆವು,
ಅವಳಿಗೆ ಗೊತ್ತಾಗದ ಹಾಗೆ.
ಅವಳಿಗೆ ಗೊತ್ತು.

ಸಂತೆಪೇಟೆಯ ಅಂಗಡಿ. ಮೂರು ಮಿಷನ್ನು, ಒಂದು ಫ್ಯಾನು.
ರಾತ್ರಿ ಎಂಟಕ್ಕೆ ಶಟರ್ ಅರ್ಧ ಇಳಿಸಿ
ಶಂಷಾದಳ ಮಗ ಬರೆದುಕೊಟ್ಟ ಚೀಟಿ ಓದಿದೆವು:
ಬೆಳಗ್ಗೆ ಒಂದು ಹಡಗು, ಮಧ್ಯಾಹ್ನ ಒಂದು,
ಗಾಳಿ ಜೋರಿದ್ದರೆ ಒಂದೂ ಇಲ್ಲ.
"ಚಳ್ಳಕೆರೆ ಪ್ರೈವೇಟ್ ಬಸ್ಸೇ ವಾಸಿ," ಅಂದಳು ತಿಪ್ಪೀರಮ್ಮ,
"ಸೀಟು ತುಂಬಿದ ಮ್ಯಾಲಾದ್ರೂ ಹೊರಡ್ತತಿ."

ನಾನು ಕೆಂಪು ದಾರದಲ್ಲಿ ಕಚ್ಚಾ ಹಾಕಿದೆ,
ದ್ವೀಪದಿಂದ ದ್ವೀಪಕ್ಕೆ, ಉದ್ದುದ್ದ ಹೊಲಿಗೆ,
ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಕೆಳಗೆ.
ಕೆಳಗೆ ಹೋದಾಗೆಲ್ಲ ಶಂಷಾದ್ "ಮುಳುಗಿತು" ಅನ್ನುತ್ತಿದ್ದಳು.
ನಕ್ಕೆವು. ನಕ್ಕು ಮುಗಿದ ಮೇಲೆ
ಯಾರಿಗೂ ಈಜು ಬರುವುದಿಲ್ಲ ಎನ್ನುವುದು ನೆನಪಾಯಿತು.

ತೊಡಕು ಬಂದದ್ದು ತಾರೀಖಿನಲ್ಲಿ.
ನಮ್ಮ ಬೀದಿಗೆ ಎಂಟು ದಿನಕ್ಕೊಮ್ಮೆ ನಲ್ಲಿ ನೀರು,
ನಮ್ಮದಾದ ಮೂರನೇ ದಿನ ಶಂಷಾದಳ ಬೀದಿಗೆ,
ತಿಪ್ಪೀರಮ್ಮನ ಕಡೆ, ವಾಲ್ವ್‌ಮ್ಯಾನ್ ಮನಸ್ಸು ಮಾಡಿದಂದು.
ರೈಲು, ವಿಮಾನ, ಮೂರು ದ್ವೀಪ, ವಾಪಸು: ಒಂಬತ್ತು ದಿನ.
ಎಲ್ಲಿಂದ ಎಣಿಸಿದರೂ ಯಾರದೋ ಒಬ್ಬರ ಡ್ರಮ್ಮು ಖಾಲಿ.
ಕಣ್ಣು ಹಾಯುವಷ್ಟೂ ನೀರಿರುವಲ್ಲಿಗೆ ಹೋಗಲು
ನೀರು ಬಾರದ ದಿನ ಹುಡುಕುತ್ತ
ಕ್ಯಾಲೆಂಡರಿನ ಹಾಳೆ ತಿರುವಿ ತಿರುವಿ ಮೊಳೆ ಕಿತ್ತು ಬಂತು.

"ಒಂದು ದ್ವೀಪ ಬಿಡೋಣ," ಅಂದೆ.
"ಯಾವ್ದು?"
ಯಾರೂ ನೋಡಿರದ ಮೂರರಲ್ಲಿ ಒಂದನ್ನು ಬಿಡುವುದು
ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಆಗ ತಿಪ್ಪೀರಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳಿದಳು:
ಮರಡಿಹಳ್ಳಿಯಲ್ಲಿ, ಅವಳ ತವರಿನ ಹತ್ತಿರ,
ದಿಂಬು ಪೇರಿಸಿಟ್ಟ ಹಾಗೆ ಬಂಡೆ.
ಸಣ್ಣವಳಿದ್ದಾಗ ಅದರ ಮೇಲೆ ತಲೆಯಿಟ್ಟು ಮಲಗಿದರೆ
ಹೊತ್ತು ಮುಳುಗಿದರೂ ಕಿವಿ ಬೆಚ್ಚಗೇ ಇರುತ್ತಿತ್ತಂತೆ.
ಒಂದು ದಿನ ಟೋಪಿಯವರು ಜೀಪಿನಲ್ಲಿ ಬಂದು
ಸುತ್ತಿಗೆಯಲ್ಲಿ ತಟ್ಟಿ, ಇವಳನ್ನೆಬ್ಬಿಸಿ ಅಂದರಂತೆ:
ಏಳಮ್ಮಾ, ಇದು ಸಮುದ್ರದ ತಳ.
ಬೆಂಕಿ ನೀರೊಳಗೆ ಉಕ್ಕಿ, ಥಟ್ಟನೆ ತಣಿದು ದಿಂಬಾದದ್ದು.
ಎಷ್ಟು ವರ್ಷದ ಹಿಂದೆ ಎಂದರೆ
ಸೊನ್ನೆ ಸುತ್ತಲು ಅವಳ ಸ್ಲೇಟು ಸಾಲಲಿಲ್ಲ.
"ಮನೀಗೆ ಬಂದು ಅವ್ವಗೆ ಹೇಳಿದೆ. ಅವ್ವ ಕೇಳಿದ್ಲು,
ಹಂಗಾರೆ ಆ ನೀರ್ನೆಲ್ಲ ಯಾರೇ ಹೊತ್ಕಂಡು ಹೋದ್ರು?"

ಫ್ಯಾನು ತಿರುಗುತ್ತಿತ್ತು.
"ಅದ್ಕೂ ಇದ್ಕೂ ಏನೇ ಸಂಬಂಧ?" ಅಂದಳು ಶಂಷಾದ್.
"ಏನಿಲ್ಲ. ಆ ಸಣ್ಣದ್ನ ಬಿಡ್‌ಬ್ಯಾಡ್ರಿ ಅಂದೆ."

ಮರುದಿನ ಗಡಿಬಿಡಿಯಲ್ಲಿ
ಆ ಲೈನಿಂಗನ್ನೇ ಕತ್ತರಿಸಿ ಹೊಲಿದುಬಿಟ್ಟಿದ್ದೆ,
ಮೆದೇಹಳ್ಳಿ ರಸ್ತೆಯ ನರ್ಸಮ್ಮನ ರೇಷ್ಮೆ ಬ್ಲೌಸಿಗೆ.
ಹ್ಯಾವ್ಲಾಕ್ ಈಗ ಅವರ ಎಡ ತೋಳಿನ ಕೆಳಗೆಲ್ಲೋ ಇದೆ,
ನೀಲ್ ಬೆನ್ನಿನ ಕಡೆ, ಮೊದಲ ಒಗೆತದ ತನಕ.
ಆಟೋ ಹತ್ತುವಾಗ ನೋಡಿದೆ. ಹೇಳಲಿಲ್ಲ.
ಕೆಂಪು ದಾರ ಮಾತ್ರ ಎಳೆದು ತೆಗೆದು
ಖಾಲಿ ಬಾಬಿನಿಗೆ ಸುತ್ತಿಟ್ಟಿದ್ದೇನೆ.

ತಾರೀಖು ಇನ್ನೂ ಗೊತ್ತಾಗಿಲ್ಲ.
ರಾತ್ರಿ ಎರಡಕ್ಕೆ ನಲ್ಲಿಯಲ್ಲಿ ಮೊದಲು ಗಾಳಿ ಬರುತ್ತದೆ,
ಎಲ್ಲಿಂದಲೋ, ಪೈಪಿನುದ್ದಕ್ಕೂ ಬುಸುಗುಟ್ಟುತ್ತ.
ಕೊಡ ಇಟ್ಟು ಕುಕ್ಕರಗಾಲಲ್ಲಿ ಕೂತು
ಶಂಷಾದಳಿಗೆ ಫೋನು ಮಾಡುತ್ತೇನೆ: "ಬಂತು ಕಣೇ."
ನಿದ್ದೆಗಣ್ಣಲ್ಲೇ ಕೇಳುತ್ತಾಳೆ,
"ಯಾವ್ದು, ಹಡಗಾ?"