ಗೀರು

ಗಾಯ ಮಾಡುವುದು ನನ್ನ ಕೆಲಸ.
ಶನಿವಾರ ಬೆಳಿಗ್ಗೆ ಎಂಟಕ್ಕೆ, ಯಶವಂತಪುರದ ಲ್ಯಾಬಿನಲ್ಲಿ,
ತಟ್ಟೆಯ ತಳಕ್ಕೆ ಒತ್ತೊತ್ತಾಗಿ ಹಾಸಿಕೊಂಡ
ರಕ್ತನಾಳದ ಒಳಪದರದ ಮೇಲೆ
ಪಿಪೆಟ್ಟಿನ ತುದಿಯಿಂದ ನೇರ ಒಂದು ಗೀರು.
ಕೈ ನಡುಗಬಾರದು. ನಡುಗಿದರೆ
ವಾರದ ಲೆಕ್ಕವೆಲ್ಲ ಸೊಟ್ಟ.

ಯಾರದೋ ಮಗುವಿನ ಹೊಕ್ಕುಳಬಳ್ಳಿಯ ಕೋಶಗಳಿವು.
ಹೆಸರಿಲ್ಲ, ಬರೀ ನಂಬರು: ನಲವತ್ತೊಂದು.
ನಲವತ್ತೊಂದು ಈಗ ಮತ್ತಿಕೆರೆಯ ಯಾವುದೋ ಗಲ್ಲಿಯಲ್ಲಿ
ಮೊಣಕಾಲಿನ ಹಕ್ಕಳೆ ಕಿತ್ತು
ಬೈಸಿಕೊಳ್ಳುತ್ತಿರಬಹುದು.

ಆಮೇಲೆ ಸ್ಟೆಮ್ ಸೆಲ್ ಬಿಡುತ್ತೇನೆ.
ಅದೇ ಬಳ್ಳಿಯ ಅಂಟಿನವು, ಇನ್ನೂ ಏನೂ ಆಗಿರದವು.
ಕೆಲಸಕ್ಕೆ ಸೇರಿದ ಹೊಸದರಲ್ಲಿ ನಂಬಿದ್ದೆ,
ಇವೇ ಹೋಗಿ ಇಟ್ಟಿಗೆಯ ಹಾಗೆ ಕೂತು
ಬಿರುಕು ತುಂಬುತ್ತವೆ ಅಂತ.
ಹಾಗಲ್ಲ.
ಬಹುಪಾಲು ಅಂಚಿನಲ್ಲೇ ನಿಂತು ಏನನ್ನೋ ಒಸರುತ್ತವೆ.
ಒಸರಿ, ನಾಲ್ಕು ದಿನದಲ್ಲಿ ಇಲ್ಲವಾಗುತ್ತವೆ.
ಅಷ್ಟಕ್ಕೇ
ಈಚೆ ದಡದ ಹಳಬರು, ಆಚೆ ದಡದ ಹಳಬರು
ಮಲಗಿದ್ದವರು ಎದ್ದ ಹಾಗೆ
ಕಾಲು ಚಾಚಿ ತೆವಳತೊಡಗುತ್ತಾರೆ.

ಶನಿವಾರ ಪಂಕಜಕ್ಕನದೂ ಸರದಿ.
ಡಯಾಲಿಸಿಸ್‌ಗೆಂದು ಎಡಗೈಯಲ್ಲಿ ಹೊಲಿದು ಕೂಡಿಸಿದ ನಾಳ,
ಮುಟ್ಟಿದರೆ ಒಳಗೊಂದು ಬೆಕ್ಕು ಗುರುಗುಟ್ಟುತ್ತದೆ.
ವಾರಕ್ಕೆ ಮೂರು ಸಲ, ಸಲಕ್ಕೆರಡು ದಪ್ಪ ಸೂಜಿ, ಎಂಟು ವರ್ಷ.
'ಎರಡೂವರೆ ಸಾವಿರ ತೂತು ಕಣೇ,
ಜರಡಿ ಆಗ್ಬೇಕಿತ್ತು ಇಷ್ಟೊತ್ತಿಗೆ.'
ಆಗಿಲ್ಲ. ಪ್ರತಿ ಸಲವೂ ಯಾರೋ ಬಂದು
ಒಳಗಿನಿಂದ ಮುಚ್ಚಿ ಹೋಗಿದ್ದಾರೆ,
ಸ್ವಲ್ಪ ಉಬ್ಬು, ಸ್ವಲ್ಪ ಗಂಟು, ಆದರೂ ಮುಚ್ಚಿ.

'ನಿಮ್ಮ ಲ್ಯಾಬಿಂದು ನನಗ್ಯಾವಾಗ ಹಾಕ್ತೀರಿ?' ಅಂದಳು.
ಗೊತ್ತಿಲ್ಲಕ್ಕ, ಅಂದೆ.
ತಟ್ಟೆಯಲ್ಲಿ ಕೂಡಿದ್ದು ಕೈಯಲ್ಲಿ ಕೂಡಬೇಕೆಂದಿಲ್ಲ.
ಅವಳು ಸಿಟ್ಟಾಗಲಿಲ್ಲ. ಬಟಾಣಿ ಸುಲಿಯುತ್ತಿದ್ದಳು,
ಅವಳಿಗೆ ತಿನ್ನುವ ಹಾಗಿಲ್ಲದ್ದು, ನಮಗಾಗಿ.

ಎರಡಕ್ಕೊಂದು ಫೋಟೋ. ಎಂಟಕ್ಕೊಂದು.
ರಾತ್ರಿ ಗೊರಗುಂಟೆಪಾಳ್ಯದಲ್ಲಿ ಬಸ್ಸು ನಿಂತೇ ಇದ್ದಾಗ
ಆ ಎರಡು ದಡ ತೆವಳುತ್ತಲೇ ಇದ್ದಾವಲ್ಲ ಅಂದುಕೊಂಡೆ,
ಬೀಗ ಹಾಕಿದ ಕೋಣೆಯಲ್ಲಿ, ಮೂವತ್ತೇಳು ಡಿಗ್ರಿಯ ಕತ್ತಲಲ್ಲಿ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ
ಗೀರು ಎಲ್ಲಿತ್ತೆಂದು ನನಗೇ ಸಿಗಲಿಲ್ಲ.
ತಟ್ಟೆಯ ಬೆನ್ನಿಗೆ ಗುರುತಿಗೆಂದು ಎಳೆದ
ಮಾರ್ಕರಿನ ಕಪ್ಪು ಗೆರೆ ಮಾತ್ರ, ಏನೂ ಇಲ್ಲದ್ದನ್ನು ತೋರಿಸುತ್ತ.

ಅಕ್ಕನಿಗೆ ಫೋನ್ ಮಾಡಿದೆ.
ಮಾತಾಡಲಿಲ್ಲ ಅವಳು. ಫೋನನ್ನು ಎಡಗೈಗೆ ಒತ್ತಿ
'ಕೇಳಿಸ್ತಾ?' ಅಂದಳು ದೂರದಿಂದ.