ಹಾಜರಿ

ತಹಶೀಲ್ದಾರರ ಫೋನು ಸಂಜೆ ಐದಕ್ಕೆ:
ನಾಳೆ ಬೆಳಗ್ಗೆ ನೂರು ಮಂಚ, ನಿಮ್ಮ ಹಾಸ್ಟೆಲ್ಲೇ ಆಸ್ಪತ್ರೆ.
ಇರೋದು ಅರವತ್ತೆರಡು ಸಾರ್, ನಾಲ್ಕಕ್ಕೆ ಇಟ್ಟಿಗೆಯೇ ಕಾಲು, ಎಂದೆ.
ಲೈನು ಕಟ್ಟಾಗಿತ್ತು.

ಊರಿಗೆ ಹೋದ ಹುಡುಗರ ಟ್ರಂಕುಗಳನ್ನು
ನಾನೂ ಅಡಿಗೆಯ ಪಾಲಯ್ಯನೂ ಹೊತ್ತು
ಉಗ್ರಾಣಕ್ಕೆ ಹಾಕಿ ಬೀಗ ಜಡಿದೆವು.
ಒಂದರಿಂದ ಹುರಿದ ಶೇಂಗಾದ ವಾಸನೆ.
ಶಾಮಿಯಾನದ ಜಬೀವುಲ್ಲಾ ಗಾದಿ ತಂದು ಸುರಿದ.
ಮದುವೆಗಳೇ ಇಲ್ಲ, ಬಾಡಿಗೆ ಆಮೇಲೆ ನೋಡೋಣ ತಗಳ್ರಿ, ಅಂದ.
ಗುಲಾಬಿ ದಿಂಬುಗಳ ಮೇಲೆ ಜರಿಯಲ್ಲಿ ‘ಶುಭವಿವಾಹ’.
ಎಲ್ಲವನ್ನೂ ಬೋರಲು ಹಾಕಿದೆವು.

ಸಿಲಿಂಡರು ಬಂದದ್ದು ರಾತ್ರಿ ಎರಡಕ್ಕೆ, ದಾವಣಗೆರೆಯಿಂದ.
ಚೀಟಿಯಲ್ಲಿ ಹದಿನಾಲ್ಕು, ಇಳಿದದ್ದು ಒಂಬತ್ತು.
‘ದುರ್ಗದಾಗೆ ಐದು ಹಿಡಕಂಡ್ರು ಸಾ,
ಅಲ್ಲೂ ಮನುಸ್ರೇ ಅದಾರೆ.’
ಡ್ರೈವರು ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ.

ನರ್ಸು ದುರುಗಮ್ಮ ಸೀಮೆಸುಣ್ಣದಲ್ಲಿ ಗೋಡೆಗೆ ನಂಬರು ಬರೆದಳು.
ಮೂವತ್ತೇಳರ ಗೋಡೆಯಲ್ಲಿ ಮೊದಲೇ ಜಾಗವಿರಲಿಲ್ಲ:
ಯಾರೋ ಕೈವಾರದ ಮೊನೆಯಲ್ಲಿ ಹದಿನೇಳರ ಮಗ್ಗಿ ಕೊರೆದು
ಏಳಕ್ಕೆ ಬಂದು ಸಿಕ್ಕಿಬಿದ್ದಿದ್ದ.

ಆ ಮಂಚಕ್ಕೆ ಬಂದವರು ಗಾದಿಲಿಂಗಪ್ಪ,
ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ನಲವತ್ತು ವರ್ಷ ತೂಕ ಬರೆದವರು.
ಮಾಸ್ಕಿನೊಳಗೆ ಮಾತು ಮಂಜಾಗುತ್ತಿತ್ತು, ಲೆಕ್ಕ ಮಾತ್ರ ಸ್ಪಷ್ಟ.
ಹದಿನೇಳೇಳ್ಲಿ... ಒಂದು ಉಸಿರು.
ನೂರಾ... ಇನ್ನೊಂದು.
ಹತ್ತೊಂಬತ್ತು.

ಬೆಳಗ್ಗೆ ಆರಕ್ಕೆ ಹಾಜರಿ ಕೂಗುವುದು ನನ್ನ ಇಪ್ಪತ್ತು ವರ್ಷದ ಚಟ.
ಬಾಗಿಲಲ್ಲಿ ನಿಂತು, ಅದೇ ಪುಸ್ತಕ ಹಿಡಿದು, ನಂಬರು ಕೂಗಿದೆ.
ಅಜ್ಜಂದಿರು ‘ಎಸ್ ಸಾರ್’ ಅಂದರು.
ಆಗದವರು ಒಂದು ಬೆರಳೆತ್ತಿದರು, ಆ ಬೆರಳಿನ ತುದಿಗೆ ಆಕ್ಸಿಮೀಟರು.
ಎಂಬತ್ತೊಂದು, ತೊಂಬತ್ತು, ಎಪ್ಪತ್ತಾರು:
ನಮ್ಮ ಹುಡುಗರು ಗಣಿತದಲ್ಲಿ ಇಷ್ಟು ತೆಗೆದಿದ್ದರೆ
ಇಡೀ ಹಾಸ್ಟೆಲ್ಲಿಗೆ ಪಾಯಸ ಮಾಡಿಸುತ್ತಿದ್ದೆ.

ಹನ್ನೊಂದನೇ ದಿನ ಮೂವತ್ತೇಳು ಕೂಗಿದೆ.
ರಾತ್ರಿ ಆಂಬುಲೆನ್ಸಲ್ಲಿ ದುರ್ಗಕ್ಕೆ ಕಳಿಸಿದ್ವಿ, ಅಂದಳು ದುರುಗಮ್ಮ.
ಯಾವ ಆಸ್ಪತ್ರೆ? ಎಲ್ಲಿ ಜಾಗ ಇದೆಯೋ ಅಲ್ಲಿಗೆ.
ಹಾಜರಿ ಅಂತ ಬರೆಯಲೇ, ಗೈರು ಅಂತ ಬರೆಯಲೇ?
ಪೆನ್ನಿನ ಮುಚ್ಚಳ ಹಾಕಿದೆ. ಎಂಟರ ಸುಮಾರಿಗೆ
ಆ ಮಂಚಕ್ಕೆ ಬೇರೆಯವರು ಬಂದರು.

ಆಮೇಲೆ ಆಡಿಟ್‌ನವರು ಕೇಳಿದರು, ಈ ಖಾನೆ ಏಕೆ ಖಾಲಿ?
ವಿಚಾರಣೆಯಲ್ಲಿದೆ ಎಂದು ಬರೆದುಕೊಟ್ಟೆ.

ಹುಡುಗರು ಮರಳಿದರು, ಮೀಸೆ ಚಿಗುರಿಸಿಕೊಂಡು.
ಎಂಟನೇ ಕ್ಲಾಸಿನ ಕಾಟಲಿಂಗ ಓಡಿಬಂದ:
‘ಸಾ, ನನ್ ಮಗ್ಗೀನ ಯಾರು ಮುಂದುವರಿಸಿದ್ದು?’
ಮಾತ್ರೆ ಚೀಟಿಯ ಅಂಚಿನಿಂದ ಗೀಚಿದ ಅಕ್ಷರ,
ಸಣ್ಣದು, ತೂಕದ ಪಟ್ಟಿಯವರ ಹಾಗೆ ಓರೆ:
ನೂರಾ ಹತ್ತೊಂಬತ್ತು. ನೂರಾ ಮೂವತ್ತಾರು.
ಒಂಬತ್ತರ ಮುಂದೆ ಏನೂ ಇಲ್ಲ.

‘ನಿನಗೆ ಬರುತ್ತೇನೋ?’ ಎಂದೆ.
ತಲೆ ಕೆರೆದುಕೊಂಡ. ಟ್ರಂಕು ಕೇಳಿದ,
ಅವ್ವ ಕೊಟ್ಟ ಶೇಂಗಾ ಇತ್ತಂತೆ ಅದರಲ್ಲಿ.
ಬೀಗದ ಕೈ ಜೇಬಿನಲ್ಲೇ ಇತ್ತು.
ತುಂಬ ಹೊತ್ತು ಹುಡುಕಿದೆ.